ಹದಿನೇಳನೆಯ ರೌಟರ್

ಇರುವೆಗಳು ತಾವಾಗಿಯೇ ಹೊರಟುಹೋಗುವ ತನಕ ವಿಮಲ ಯಾವ ರೌಟರನ್ನೂ ಬಿಚ್ಚುವುದಿಲ್ಲ. ಸುಲ್ತಾನ್ ಬತ್ತೇರಿಯ ಆಕ್ರಿ ಅಂಗಡಿಯಿಂದ, ಅಂದರೆ ಹಳೆ ಸಾಮಾನಿನ ಅಂಗಡಿಯಿಂದ, ಅವಳು ತರುವ ರೌಟರುಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಇರುವೆ ಗೂಡು ಇದ್ದೇ ಇರುತ್ತದೆ. ಗಾಳಿಯಾಡಲು ಸಣ್ಣ ಸಣ್ಣ ಕಿಂಡಿಗಳು, ಒಳಗೆ ಕತ್ತಲು, ಮಳೆ ಬಿಸಿಲಿನ ಕಾಟವಿಲ್ಲ; ಇರುವೆಗೆ ಇನ್ನೇನು ಬೇಕು. ಬೇರೆಯವರಾದರೆ ಪೆಟ್ಟಿಗೆಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಬ್ರಷ್ಷಿನಿಂದ ಗುಡಿಸಿ ಕೆಲಸ ಶುರುಮಾಡುತ್ತಾರೆ. ವಿಮಲ ಅದನ್ನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ನೆರಳಿರುವ ಕಡೆ ಒಂದು ಕಲ್ಲಿನ ಮೇಲೆ ಇಡುತ್ತಾಳೆ. ಕಿಂಡಿಗೆ ಒಂದು ಕಡ್ಡಿ ಆನಿಸಿ, ಅದರ ಇನ್ನೊಂದು ತುದಿಯನ್ನು ತೆಂಗಿನ ಚಿಪ್ಪಿನೊಳಗೆ ಇಳಿಬಿಡುತ್ತಾಳೆ. ಚಿಪ್ಪಿನಲ್ಲಿ ಬೆಲ್ಲದ ಚೂರು. ಒಂದು ದಿನ ಕಾಯುತ್ತಾಳೆ, ಕೆಲವೊಮ್ಮೆ ಮೂರು ದಿನ. ಇರುವೆಗಳು ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಸಾಲಾಗಿ ಇಳಿದುಹೋದ ಮೇಲೆಯೇ ಅವಳು ಸ್ಕ್ರೂಡ್ರೈವರ್ ಹಿಡಿಯುವುದು.

"ನಿಂದು ರಿಪೇರಿ ಅಂಗಡಿಯೋ, ಇರುವೆಗಳ ಲಾಡ್ಜೋ," ಎಂದು ಗಂಡ ಪದ್ಮರಾಜ ಕಣದಲ್ಲಿ ಕಾಫಿ ಕೆದರುತ್ತ ಕೇಳುತ್ತಾನೆ.

"ಲಾಡ್ಜಾದ್ರೆ ಬಾಡಿಗೆಯಾದ್ರೂ ಬರ್ತಿತ್ತು," ಎನ್ನುತ್ತಾಳೆ ವಿಮಲ.

ವಿಮಲಳಿಗೆ ಈಗ ನಲವತ್ತಾರು. ಮಾನಂದವಾಡಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ಅವರದು ಎರಡೂವರೆ ಎಕರೆ ಕಾಫಿ ಮತ್ತು ಮೆಣಸು. ತಲೆಮಾರುಗಳ ಹಿಂದೆ ಕನ್ನಡದ ಸೀಮೆಯಿಂದ ಬಂದು ನೆಲೆಸಿದ ಜೈನರ ಮನೆ. ಒಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಅವಳು ಹುಟ್ಟಿನಿಂದಲೇ ಹೆದರುವ ಜೀವ. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳ ದನಿ ಮೇಷ್ಟರ ತನಕ ಮುಟ್ಟದೆ ಎಷ್ಟೋ ದಿನ ಗೈರುಹಾಜರಿ ಬಿದ್ದಿತ್ತು. ಎದ್ದು ನಿಂತು "ನಾನು ಬಂದಿದ್ದೇನೆ" ಎನ್ನಲು ಧೈರ್ಯ ಸಾಲದೆ ಹಾಗೆಯೇ ಕುಳಿತಿರುತ್ತಿದ್ದಳು.

ಇಂಥವಳು ರೌಟರುಗಳ ಸಹವಾಸಕ್ಕೆ ಬಿದ್ದದ್ದು ಕೊರೋನಾ ಕಾಲದಲ್ಲಿ. ತಮ್ಮನ ಮಗಳು ಕಾವ್ಯ ಆಗ ಇವರ ಮನೆಯಲ್ಲಿದ್ದು ಕಾಲೇಜಿನ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಕೇಳುತ್ತಿದ್ದಳು. ಜಗಲಿಯಲ್ಲಿ ಸಿಗುವ ವೈಫೈ ಒಳಕೋಣೆಗೆ ಸಿಗುತ್ತಿರಲಿಲ್ಲ. ರೌಟರಿನೊಳಗೆ ಅದನ್ನು ನಡೆಸುವ ಒಂದು ಪ್ರೋಗ್ರಾಂ ಇರುತ್ತದೆ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ, ಹಳೆ ರೌಟರಿನಿಂದ ಕಂಪೆನಿಯ ಫರ್ಮ್‌ವೇರನ್ನು ಅಳಿಸಿ ಓಪನ್ ಸೋರ್ಸಿನದನ್ನು ಹಾಕಿದರೆ ಅದು ಸಿಗ್ನಲನ್ನು ಹಿಡಿದು ಇನ್ನೊಂದು ಕಡೆಗೆ ದಾಟಿಸಬಲ್ಲದು ಎಂದು ಕಾವ್ಯ ಹೇಳಿದಳು. ಅದನ್ನು ಇಂಟರ್ನೆಟ್ಟಿನಿಂದ ಸುಮ್ಮನೆ ಇಳಿಸಿಕೊಳ್ಳಬಹುದು, ಯಾರಿಗೂ ಏನೂ ಕೊಡಬೇಕಿಲ್ಲ ಎಂದೂ ಹೇಳಿದಳು.

ವಿಮಲಳಿಗೆ ಮೊದಲ ಭಯ ಹುಟ್ಟಿದ್ದು ಅಲ್ಲಿ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಬಸದಿಗೆ ಬಂದಿದ್ದ ಮುನಿಗಳ ಮುಂದೆ ಅವಳು ಅಣುವ್ರತಗಳನ್ನು ತೆಗೆದುಕೊಂಡಿದ್ದಳು. ಸಂಸಾರಸ್ಥರು ಕೈಲಾದಷ್ಟು ಪಾಲಿಸುವ ಐದು ಸಣ್ಣ ವ್ರತಗಳು. ಅವುಗಳಲ್ಲಿ ಒಂದು, ಕೊಡದ್ದನ್ನು ತೆಗೆದುಕೊಳ್ಳಬಾರದು ಎಂಬುದು. ಕದಿಯುವುದಷ್ಟೇ ಅಲ್ಲ, ಕದ್ದ ಮಾಲನ್ನು ಕೊಳ್ಳುವುದೂ ಆ ವ್ರತಕ್ಕೆ ದೋಷ ಎಂದು ಮುನಿಗಳು ಬಿಡಿಸಿ ಹೇಳಿದ್ದರು.

"ಸುಮ್ಮನೆ ಇಳಿಸ್ಕೊಳ್ಳೋದು ಅಂದ್ರೆ ಕದ್ದ ಹಾಗಾಗಲ್ವಾ?" ಎಂದು ಕೇಳಿದ್ದಳು ವಿಮಲ.

"ಇಲ್ಲ ಅತ್ತೆ. ಮಾಡಿದವ್ರೇ ಬರ್ದಿದ್ದಾರೆ. ಯಾರು ಬೇಕಾದ್ರೂ ಬಳಸಿ, ತಿದ್ದಿ, ಇನ್ನೊಬ್ರಿಗೂ ಕೊಡಿ ಅಂತ."

"ಬರ್ದದ್ದು ತೋರ್ಸು."

"ಇಂಗ್ಲಿಷಲ್ಲಿದೆ."

"ಇರ್ಲಿ. ತೋರ್ಸು."

ಕಾವ್ಯ ಆ ಪುಟವನ್ನು ತೆರೆದು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ವಿಮಲ ತಲೆಯಾಡಿಸಿ, "ಹಾಗಾದ್ರೆ ಇದು ಕೊಟ್ಟದ್ದೇ," ಎಂದಳು. ಅವತ್ತಿನಿಂದ ಅವಳಿಗೆ ಆ ಫರ್ಮ್‌ವೇರಿನ ಮೇಲೆ ಒಂದು ಬಗೆಯ ಗೌರವ. ಹೆಸರು ಗೊತ್ತಿಲ್ಲದ, ಮುಖ ಕಾಣದ ಎಷ್ಟೋ ಜನ ಕುಳಿತು ಬರೆದು, ತೆಗೆದುಕೋ ಎಂದು ಕೊಟ್ಟದ್ದು.

ಕಾವ್ಯ ಓದು ಮುಗಿಸಿ ಹೋದಳು. ಅವಳ ಹಳೆ ಲ್ಯಾಪ್‌ಟಾಪ್ ಇಲ್ಲೇ ಉಳಿಯಿತು. ವಿಮಲ ಕೆಲಸವನ್ನು ಮುಂದುವರಿಸಿದಳು. ಮಾಡೆಲ್ ನಂಬರನ್ನು ಮೂರು ಸಲ ಓದುವಳು. ಒಂದೇ ಮಾಡೆಲಿನಲ್ಲೂ ಎರಡು ಮೂರು ಬಗೆ ಇರುತ್ತವೆ, ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ. ಫರ್ಮ್‌ವೇರ್ ಒಳಗೆ ಇಳಿಯುವ ಮೂರು ನಿಮಿಷದಲ್ಲಿ ಕರೆಂಟು ಹೋದರೂ ಅದೇ ಗತಿ. ವಯನಾಡಿನಲ್ಲಿ ಮರದ ಕೊಂಬೆ ಅಲುಗಿದರೂ ಕರೆಂಟು ಹೋಗುತ್ತದೆ. ಅದಕ್ಕೆ ಅವಳು ಪದ್ಮರಾಜನ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು, ಅದರಿಂದಲೇ ರೌಟರಿಗೆ ಕರೆಂಟು ಕೊಡುವಳು. ಆ ಮೂರು ನಿಮಿಷ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಾಳೆ. ಕಣ್ಣು ತೆರೆದಾಗ ಹಸಿರು ದೀಪ ಮಿನುಗುತ್ತಿದ್ದರೆ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತದೆ. ಇಪ್ಪತ್ತಾರು ರೌಟರು ಆದ ಮೇಲೂ ಆ ಭಯ ಒಂದಿಷ್ಟೂ ಕಡಿಮೆಯಾಗಿಲ್ಲ.

ಇವೆಲ್ಲಕ್ಕೂ ಒಂದು ಪುಸ್ತಕ ಇದೆ. ಶಾಲೆಯಲ್ಲಿ ಕಲಿತ ಮಲಯಾಳ ಅಕ್ಷರದಲ್ಲಿ, ಗೆರೆ ಎಳೆದು ಬರೆದದ್ದು. ರೌಟರಿನ ಕ್ರಮಸಂಖ್ಯೆ, ಅದರ ತಳದಲ್ಲಿರುವ ನಂಬರು, ಯಾರ ಅಂಗಡಿಯಿಂದ, ಯಾವ ತಾರೀಕು, ಯಾರ ಮನೆಗೆ. ಕೊನೆಯಲ್ಲಿ "ಉರುಂಬು" ಎಂದು ಒಂದು ಕಾಲಂ. ಮಲಯಾಳದಲ್ಲಿ ಉರುಂಬು ಎಂದರೆ ಇರುವೆ. ಎಷ್ಟು ದಿನ ಕಾದೆ ಎಂಬುದು ಅದರಲ್ಲಿ ಇರುತ್ತದೆ.

ಹದಿನೇಳನೆಯ ರೌಟರ್ ಹೋದದ್ದು ಮಾತಿಯ ಮನೆಗೆ.

ಮಾತಿ ಗದ್ದೆಯ ಆಚೆಗಿನ ದಿಣ್ಣೆಯ ಕಾಲನಿಯವಳು. ಹನ್ನೆರಡು ಮನೆಗಳ ಆದಿವಾಸಿ ಕಾಲನಿ. ಮಾತಿ ಮತ್ತು ವಿಮಲ ಓರಗೆಯವರು. ವಿಮಲ ಮದುವೆಯಾಗಿ ಬಂದ ವರ್ಷದಿಂದ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಕಾಫಿ ಕೊಯ್ದಿದ್ದಾರೆ. ಕಾಲನಿಯಲ್ಲಿ ಫೋನಿಗೆ ರೇಂಜ್ ಇಲ್ಲ. ಮಾತಿಯ ಮಗಳು ಚಾತಿ ಬಸುರಿಯಾಗಿ ತವರಿಗೆ ಬಂದಾಗ, ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ಆಂಬುಲೆನ್ಸಿಗೆ ಫೋನು ಮಾಡಲು ಗದ್ದೆ ದಾಟಿ ಓಡಬೇಕಲ್ಲ ಎಂಬ ಚಿಂತೆ ಎದ್ದಿತು. ವಿಮಲ ತನ್ನ ಮನೆಯ ಸೂರಿಗೆ ಒಂದು ರೌಟರನ್ನು ಗದ್ದೆಯ ಕಡೆ ಮುಖ ಮಾಡಿ ಕಟ್ಟಿದಳು. ಇನ್ನೊಂದನ್ನು ಮಾತಿಯ ಮನೆಯ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದಳು. ಅದೇ ಹದಿನೇಳನೆಯದು. ಅವತ್ತು ಚಾತಿ ವೈಫೈ ಮೇಲೆ ಗಂಡನಿಗೆ ಫೋನು ಮಾಡಿ ಒಂದು ಗಂಟೆ ಜಗಳವಾಡಿದಳು.

"ರೇಂಜ್ ಇಲ್ಲದೇ ಇದ್ದಾಗ ಒಳ್ಳೆ ಗಂಡ ಹೆಂಡ್ತಿ ಆಗಿದ್ರು," ಎಂದಿದ್ದಳು ಮಾತಿ.

ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಊರಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಕಳುಹಿಸಿದವನು ಪ್ರಜಿತ್, ಇಂಟರ್ನೆಟ್ ಕೊಡುವ ಒಂದು ಕೇಬಲ್ ಕಂಪೆನಿಯ ಏಜೆಂಟು. ಕಂಪೆನಿಯ ಗೋದಾಮಿನಿಂದ ಇಪ್ಪತ್ತೆರಡು ರೌಟರುಗಳು ಕಳುವಾಗಿವೆ, ಪೊಲೀಸರಿಗೆ ದೂರು ಕೊಡಲಾಗಿದೆ, ಯಾರ ಬಳಿ ಸಿಕ್ಕಿದರೂ ಕಳ್ಳಮಾಲು ಇಟ್ಟುಕೊಂಡ ಕೇಸು ಹಾಕಲಾಗುವುದು ಎಂದು ಅದರಲ್ಲಿತ್ತು. ಕೆಳಗೆ ಇಪ್ಪತ್ತೆರಡು ನಂಬರುಗಳ ಪಟ್ಟಿ.

ವಿಮಲ ಕೈ ಒರೆಸಿಕೊಂಡು ಪುಸ್ತಕ ತೆಗೆದಳು. ಬೆರಳಿಟ್ಟು ಒಂದೊಂದನ್ನೇ ನೋಡಿದಳು. ಹತ್ತು, ಹನ್ನೊಂದು, ಹನ್ನೆರಡು, ಯಾವುದೂ ಅಲ್ಲ. ಹದಿನೇಳರಲ್ಲಿ ಬೆರಳು ನಿಂತಿತು. ಪಟ್ಟಿಯ ಎಂಟನೆಯ ನಂಬರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅಕ್ಷರಕ್ಕೆ ಅಕ್ಷರ ಅದೇ. ಅದರ ಮುಂದೆ ಅವಳದೇ ಕೈಬರಹ: ಉರುಂಬು, ಇಲ್ಲ.

ಆಗ ಅವಳಿಗೆ ಎಲ್ಲ ನೆನಪಾಯಿತು. ಆ ಪೆಟ್ಟಿಗೆ ಬಹಳ ಚೊಕ್ಕಟವಾಗಿತ್ತು. ಆಕ್ರಿ ರಾಶಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇರುವೆ ಬರದೇ ಇರುತ್ತಿತ್ತೇ? ಯಾಕೆ ಇಲ್ಲ ಎಂದು ಕೇಳಬೇಕಾದವಳು, ಕಾಯುವುದು ತಪ್ಪಿತು, ಚಾತಿಗೆ ಬೇಗ ಕೊಡಬಹುದು ಎಂದು ಸಂತೋಷಪಟ್ಟಿದ್ದಳು.

ಅವಳು ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಆಕ್ರಿ ಅಂಗಡಿಯ ಸುಧೀಷನಿಗೆ ಫೋನು ಮಾಡಿದಳು.

"ಚೇಚೀ, ಸತ್ಯವಾಗಿ ನಂಗೆ ಗೊತ್ತಿರ್ಲಿಲ್ಲ," ಎಂದ ಮಲಯಾಳದಲ್ಲಿ; ಚೇಚಿ ಎಂದರೆ ಅಕ್ಕ. "ಒಬ್ಬ ಚೀಲದಲ್ಲಿ ತಂದ, ತೂಕ ಹಾಕಿ ತಗೊಂಡೆ. ಚೇಚಿಗೆ ಕೊಟ್ಟದ್ದು ಒಂದೇ. ಅದನ್ನ ಎಲ್ಲಿಟ್ಟಿದ್ದೀರಿ?"

"ಕಾಲನೀಲಿ. ಮಾತಿ ಮನೇಲಿ."

ಸುಧೀಷ್ ಹೇಳಿದ, "ಪ್ರಜಿತ್ ಬೈಕಲ್ಲಿ ಊರೂರು ಸುತ್ತುತಾ ಇದ್ದಾನೆ. ಫೋನಲ್ಲೇ ಗೊತ್ತಾಗುತ್ತಂತೆ, ಹತ್ರ ಹೋದ್ರೆ ರೌಟರಿನ ನಂಬರ್ ಬರುತ್ತೆ. ಮೊದ್ಲು ಕಾಲನಿಗಳನ್ನೇ ನೋಡ್ತಾನಂತೆ. ಚೇಚಿಗೆ ತಿಳೀತಲ್ಲ."

ವಿಮಲಳಿಗೆ ತಿಳಿಯಿತು. ಈ ಸೀಮೆಯಲ್ಲಿ ಎಲ್ಲಿ ಏನು ಕಳುವಾದರೂ ಮೊದಲ ಜೀಪು ನಿಲ್ಲುವುದು ಕಾಲನಿಯ ಮುಂದೆ. ಅಷ್ಟು ಹೊತ್ತು ಅವಳು ತನಗಾಗಿ, ತನ್ನ ವ್ರತಕ್ಕಾಗಿ ಹೆದರಿದ್ದಳು. ಈಗ ಬೇರೆಯೇ ಭಯ ಎದ್ದಿತು. ಪೆಟ್ಟಿಗೆಯನ್ನು ಕೊಂಡವಳು ತಾನು. ಕಳ್ಳಿ ಎನಿಸಿಕೊಳ್ಳುವವಳು ಮಾತಿ.

ಪದ್ಮರಾಜ ಎಲ್ಲ ಕೇಳಿ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ. ಬೆಳಿಗ್ಗೆ ಹೋಗಿ ಬಿಚ್ಕೊಂಡು ಬಾ. ಹೊಳೆಗೆ ಹಾಕಿದ್ರೆ ಮುಗೀತು."

"ಮಾತಿ ಕೇಳಿದ್ರೆ?"

"ಕೆಟ್ಟುಹೋಗಿತ್ತು ಅನ್ನು. ನಮ್ಮನೇಲಿ ಇಲ್ಲೀತನಕ ಯಾರೂ ಠಾಣೆ ಮೆಟ್ಟಿಲು ಹತ್ತಿಲ್ಲ, ವಿಮಲ."

ಸೂರ್ಯ ಮುಳುಗುವ ಮೊದಲೇ ಉಣ್ಣುವ ಮನೆ ಅದು. ಅವತ್ತು ಅನ್ನ ತಟ್ಟೆಯಲ್ಲಿ ಇದ್ದಂತೆಯೇ ಸೂರ್ಯ ಮುಳುಗಿದ.

ಬೆಳಿಗ್ಗೆ ಎಂಟೂವರೆಗೆ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಸುತ್ತಿಕೊಂಡು, ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೊರಟಳು. ಪುಸ್ತಕ ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಒಣಗಿತ್ತು. ಬದುವಿನ ಮೇಲೆ ನಡೆಯುವಾಗ ದೂರದಲ್ಲಿ ಬೈಕಿನ ಸದ್ದು ಕೇಳಿದಂತಾಗಿ ಎರಡು ಸಲ ನಿಂತಳು. ಎರಡು ಸಲವೂ ಅದು ಯಾರದೋ ಪಂಪಿನ ಸದ್ದು.

ಮಾತಿಯ ಮನೆಯ ಬಾಗಿಲಿಗೆ ಹಗ್ಗ ಕಟ್ಟಿತ್ತು. ಬುಧವಾರ ಚಾತಿಯನ್ನು ತಪಾಸಣೆಗೆ ಮಾನಂದವಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಎಂಬುದು ಆಗ ನೆನಪಾಯಿತು. ಕಾಲನಿಯ ಉಳಿದವರು ಕಾಫಿ ಕೊಯ್ಲಿಗೆ ಹೋಗಿದ್ದರು. ಪಕ್ಕದ ಮನೆಯ ಅಜ್ಜಿ ಒಳಗೆ ಮಲಗಿರಬೇಕು, ಹೊರಗೆ ಯಾರೂ ಇರಲಿಲ್ಲ. ಸೂರಿನ ಕೆಳಗೆ, ಕೈಗೆಟಕುವ ಎತ್ತರದಲ್ಲಿ ರೌಟರ್ ಹಸಿರು ದೀಪ ಮಿನುಗಿಸುತ್ತಿತ್ತು. ಅದರ ಮೈಮೇಲೆ ಅವಳೇ ಅಂಟಿಸಿದ ಚೀಟಿ: ೧೭.

ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ವಿಮಲ ಕಟ್ಟೆ ಹತ್ತಿ ಸ್ಕ್ರೂಡ್ರೈವರ್ ತೆಗೆದಳು. ಮೊದಲ ಸ್ಕ್ರೂ ಎರಡೇ ಸುತ್ತಿಗೆ ಸಡಿಲವಾಯಿತು. ಎರಡನೆಯದಕ್ಕೆ ಕೈ ಹಾಕಿದಾಗ ಅವಳ ಕೈ ತಾನಾಗಿಯೇ ನಿಂತಿತು.

ಇದನ್ನು ಅವಳು ಮಾತಿಗೆ ಕೊಟ್ಟಾಗಿತ್ತು. ಇದೇ ಕಟ್ಟೆಯ ಮೇಲೆ ನಿಂತು, "ಇದು ನಿಂದು, ಇಟ್ಕೋ" ಎಂದಿದ್ದಳು. ಈಗ ಮಾತಿ ಇಲ್ಲದಾಗ, ಮಾತಿಗೆ ಹೇಳದೆ ಅವಳ ಗೋಡೆಯಿಂದ ಬಿಚ್ಚಿದರೆ ಅದರ ಹೆಸರೇನು? ಕದ್ದ ಮಾಲು ಕೊಂಡದ್ದು ತಿಳಿಯದೆ ಆದ ದೋಷ. ಇದು ತಿಳಿದೇ ಮಾಡುವ ಕಳವು.

ಅವಳು ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದಳು. ಕಟ್ಟೆಯ ಮೇಲೆ ಕುಳಿತು ಕಾಯತೊಡಗಿದಳು. ಕಾಯುವುದು ಅವಳಿಗೆ ಹೊಸದಲ್ಲ.

ಹನ್ನೊಂದರ ಹೊತ್ತಿಗೆ ನಿಜವಾದ ಬೈಕಿನ ಸದ್ದು ಕೇಳಿತು.

ಪ್ರಜಿತ್ ಮೂವತ್ತರ ಯುವಕ, ಕುತ್ತಿಗೆಯಲ್ಲಿ ಕಂಪೆನಿಯ ಕಾರ್ಡು. ಮೊದಲ ಮನೆಯ ಹತ್ತಿರ ಬೈಕು ನಿಲ್ಲಿಸಿ, ಫೋನನ್ನು ಮುಂದೆ ಹಿಡಿದುಕೊಂಡು ನಡೆದು ಬಂದ. ಎರಡನೆಯ ಮನೆ, ಮೂರನೆಯ ಮನೆ. ನಾಲ್ಕನೆಯ ಮನೆಯ ಮುಂದೆ ಅವನ ಮುಖ ಅರಳಿತು. ತಲೆಯೆತ್ತಿ ಸೂರಿನ ಕೆಳಗಿನ ಪೆಟ್ಟಿಗೆ ನೋಡಿದ. ಆಮೇಲೆ ಕಟ್ಟೆಯ ಮೇಲೆ ಕುಳಿತ ವಿಮಲಳನ್ನು ನೋಡಿದ.

"ಇದು ಯಾರ ಮನೆ ಚೇಚೀ?"

"ಮಾತೀದು," ಎಂದಳು ವಿಮಲ. ಅಷ್ಟೇ ಹೊರಬಂತು.

"ನಂಗೆ ಗೊತ್ತಿತ್ತು, ಇಲ್ಲೇ ಎಲ್ಲೋ ಸಿಗುತ್ತೆ ಅಂತ. ಚೇಚಿ ಇವಳನ್ನ ಕೆಲಸಕ್ಕೆ ಕರೆಯೋಕೆ ಬಂದ್ರಾ? ಮನೇಲಿ ಸಾಮಾನು ಗೀಮಾನು ಒಂದ್ಸಲ ನೋಡ್ಕೊಳ್ಳಿ."

ವಿಮಲ ಬಾಯಿ ತೆರೆದು ಮುಚ್ಚಿದಳು. ಪ್ರಜಿತ್ ಪೆಟ್ಟಿಗೆಯ ಫೋಟೋ ತೆಗೆದ, ಬಾಗಿಲಿನ ಫೋಟೋ ತೆಗೆದ, ಠಾಣೆಗೆ ಫೋನು ಮಾಡಿದ. ಅವನು ಫೋನಿನಲ್ಲಿ ಇರುವಾಗಲೇ ಕೆಳಗಿನ ದಾರಿಯಲ್ಲಿ ಮಾತಿ ಮತ್ತು ಚಾತಿ ಕಾಣಿಸಿದರು. ಚಾತಿ ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ಹತ್ತುತ್ತಿದ್ದಳು. ಮಾತಿಯ ಕೈಯಲ್ಲಿ ಆಸ್ಪತ್ರೆಯ ಚೀಟಿಗಳು.

"ಅಕ್ಕ, ನೀ ಇಲ್ಲಿ? ಒಳಗೆ ಕೂರಬಾರ್ದಿತ್ತಾ, ಹಗ್ಗ ಬಿಚ್ಚಿ," ಎಂದಳು ಮಾತಿ.

ಪ್ರಜಿತ್ ಅವಳ ಎದುರಿಗೆ ಬಂದು ನಿಂತ. "ಈ ರೌಟರ್ ಎಲ್ಲಿಂದ ಬಂತು?"

"ಯಾಕೆ?"

"ಯಾಕೆ ಅಂತ ಠಾಣೇಲಿ ಹೇಳ್ತಾರೆ. ಗೋದಾಮಿಂದ ಎತ್ತಿದ್ದು ಯಾರು, ನಿನ್ನ ಅಳಿಯನಾ? ಇನ್ನು ಇಪ್ಪತ್ತೊಂದು ಎಲ್ಲಿ?"

ಮಾತಿ ವಿಮಲಳ ಕಡೆ ನೋಡಿದಳು. ಚಾತಿಯೂ ನೋಡಿದಳು. ಅದು ಹಾಜರಿ ಕೂಗಿದ ಮೇಷ್ಟರು ತಲೆಯೆತ್ತಿ, ಯಾರೂ ಏಳದ್ದನ್ನು ಕಂಡು ಪುಸ್ತಕದಲ್ಲಿ ಗೀಟು ಎಳೆಯುವ ಮುಂಚಿನ ಆ ಒಂದು ಗಳಿಗೆಯಂತಿತ್ತು. ಪೆಟ್ಟಿಗೆಯ ಹಸಿರು ದೀಪ ಮಿನುಗುತ್ತಿತ್ತು. ಅದು ಎಷ್ಟು ಸಲ ಮಿನುಗಿತೋ, ವಿಮಲಳಿಗೆ ತಿಳಿಯಲಿಲ್ಲ.

"ಬಾಯಿಲ್ವಾ? ಜೀಪು ಬರ್ಲಿ, ಬಾಯಿ ತಾನಾಗೇ ಬರುತ್ತೆ," ಎಂದ ಪ್ರಜಿತ್.

ಚಾತಿ ಕುಸಿದು ಮೆಟ್ಟಿಲಿನ ಮೇಲೆ ಕುಳಿತಳು. ಅದನ್ನು ಕಂಡು ವಿಮಲ ಎದ್ದು ನಿಂತಳು.

"ನಾನು ತಂದದ್ದು," ಎಂದಳು.

ದನಿ ಸಣ್ಣದಾಗಿತ್ತು. ಪ್ರಜಿತನಿಗೆ ಕೇಳಿಸಲಿಲ್ಲ. ಅವನು ಕಂಪೆನಿಯ ಇನ್ನಾರಿಗೋ ಫೋಟೋ ಕಳುಹಿಸುತ್ತಿದ್ದ. ವಿಮಲ ಕಟ್ಟೆಯಿಂದ ಇಳಿದು ಅವನ ಹತ್ತಿರ ಹೋಗಿ, ಅವನ ಫೋನಿನ ಮೇಲೆ ತನ್ನ ಪುಸ್ತಕವನ್ನು ತೆರೆದಿಟ್ಟಳು.

"ನಾನು ತಂದದ್ದು. ಬತ್ತೇರಿಯ ಆಕ್ರಿ ಅಂಗಡಿಯಿಂದ, ಡಿಸೆಂಬರ್ ಆರನೇ ತಾರೀಕು. ಫರ್ಮ್‌ವೇರ್ ಹಾಕಿದ್ದೂ ನಾನು, ಈ ಗೋಡೆಗೆ ಹೊಡೆದದ್ದೂ ನಾನು. ಮಾತಿಗೆ ಇದರ ನಂಬರು ಏನು ಅಂತಾನೂ ಗೊತ್ತಿಲ್ಲ. ಬರ್ಕೊಳ್ಳೋದಾದ್ರೆ ನನ್ನ ಹೆಸರು ಬರ್ಕೊಳ್ಳಿ."

ಹೇಳಿ ಮುಗಿಸಿ ಬೇಲಿಯ ಗೂಟ ಹಿಡಿದುಕೊಂಡಳು.

ಠಾಣೆಗೆ ಜೀಪಿನಲ್ಲಿ ಹೋದದ್ದು ವಿಮಲ ಮತ್ತು ಮಾತಿ. ಚಾತಿಯನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟರು. ಬರಬೇಡ ಎಂದರೂ ಮಾತಿ ಕೇಳಲಿಲ್ಲ. "ನನ್ನ ಗೋಡೇದು. ನಾನೂ ಬರ್ತೆ," ಎಂದಳು. ಪದ್ಮರಾಜ ಸ್ಕೂಟರಿನಲ್ಲಿ ಹಿಂದೆ ಬಂದು ಠಾಣೆಯ ಗೇಟಿನ ಹೊರಗೆ ನಿಂತ. ಒಳಗೆ ಬರಲು ಅವನ ಕಾಲು ಒಪ್ಪಲಿಲ್ಲ.

ಎಸ್‌ಐ ನರೆತ ಮೀಸೆಯ ಗಂಭೀರ ಮನುಷ್ಯ. ಪುಸ್ತಕವನ್ನು ಮೊದಲ ಪುಟದಿಂದ ಓದಿದ. ಇಪ್ಪತ್ತಾರು ರೌಟರುಗಳು, ಇಪ್ಪತ್ತಾರು ಸಾಲುಗಳು. ವಿಮಲ ಮೇಜಿನ ಅಂಚನ್ನು ನೋಡುತ್ತ ಕುಳಿತಿದ್ದಳು.

"ಈ ಉರುಂಬು ಅಂತ ಇದೆಯಲ್ಲ, ಇದು ಏನು ಕೋಡ್?"

"ಕೋಡ್ ಅಲ್ಲ ಸಾರೆ. ಇರುವೆ."

"ಇರುವೆ?"

ವಿಮಲ ನಿಧಾನವಾಗಿ, ತಡೆದು ತಡೆದು ಎಲ್ಲವನ್ನೂ ಹೇಳಿದಳು. ಕಲ್ಲು, ಕಡ್ಡಿ, ಚಿಪ್ಪು, ಬೆಲ್ಲ. ಬರೆದುಕೊಳ್ಳುತ್ತಿದ್ದ ಪೊಲೀಸು ಪೆನ್ನು ನಿಲ್ಲಿಸಿ ಎಸ್‌ಐಯ ಮುಖ ನೋಡಿದ, ಇದನ್ನೂ ಬರೆಯಬೇಕೇ ಎಂಬಂತೆ.

"ಬರಿ," ಎಂದ ಎಸ್‌ಐ. ನಂತರ ವಿಮಲಳನ್ನು ಕೇಳಿದ, "ಇದರಲ್ಲಿ ಇಲ್ಲ ಅಂತ ಬರೆದಿದ್ದೀರಿ. ಆಗ ಅನುಮಾನ ಬರಲಿಲ್ವಾ?"

"ಬರಬೇಕಿತ್ತು ಸಾರೆ. ನಂಗೆ ಸಂತೋಷ ಆಯ್ತು. ಅದು ನನ್ನ ತಪ್ಪು."

ಅವನು ಹೇಳಿಕೆಯ ಕೆಳಗೆ ಸಹಿ ಹಾಕಿಸಿಕೊಂಡ. ರೌಟರನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಚ್ಚಿದರು. ಪುಸ್ತಕವನ್ನೂ ಇಟ್ಟುಕೊಂಡರು. ಸುಧೀಷನನ್ನು ಕರೆಸುತ್ತೇವೆ, ಚೀಲ ತಂದವನು ಸಿಕ್ಕಿದರೆ ನೀವೂ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ, ಕರೆದಾಗ ಬರಬೇಕು ಎಂದರು. ಮಾತಿಯ ಹೆಸರು ಹೇಳಿಕೆಯಲ್ಲಿ ಒಂದೇ ಕಡೆ ಇತ್ತು: ತಿಳಿಯದೆ ಪಡೆದವಳು ಎಂದು. ಪ್ರಜಿತ್ ಅದನ್ನು ಓದಿ ಬೈಕು ಹತ್ತಿ ಹೋದ. ಮಾತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಮಾತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅರ್ಧ ದಾರಿ ಕಳೆದ ಮೇಲೆ ಹೇಳಿದಳು.

"ಅಕ್ಕ, ನೀ ಎಷ್ಟು ಹೊತ್ತು ಸುಮ್ನಿದ್ದೆ."

ವಿಮಲ ತಲೆ ತಗ್ಗಿಸಿದಳು. "ಪೇಡಿಯಾಯ್ತು ಮಾತಿ." ಮಲಯಾಳದಲ್ಲಿ ಪೇಡಿ ಎಂದರೆ ಹೆದರಿಕೆ.

"ನಂಗೂ ಪೇಡಿ ಆಯ್ತು. ನಂಗೆ ಸುಮ್ನಿರೋಕೆ ಆಗುತ್ತಾ? ಸುಮ್ನಿದ್ರೆ ಕಳ್ಳಿ, ಮಾತಾಡಿದ್ರೂ ಕಳ್ಳಿ."

ಕ್ಷಮಿಸು ಎಂದಳು ವಿಮಲ. ಬಸದಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಹೇಳುವ ಮಾತು ಅದು. ಒಬ್ಬರ ಮುಖ ನೋಡಿ, ಒಂದು ತಪ್ಪಿಗಾಗಿ ಹೇಳಿದ್ದು ಇದೇ ಮೊದಲು. ಕಂಡಕ್ಟರು ಬಂದಾಗ ಎರಡೂ ಟಿಕೆಟನ್ನು ಮಾತಿಯೇ ತೆಗೆದಳು.

ಮನೆಗೆ ಬಂದಾಗ ಮೂರು ಗಂಟೆ. ಚಾತಿಗೆ ದಿನ ತುಂಬುತ್ತ ಬಂದಿತ್ತು. ಆ ಗೋಡೆ ಖಾಲಿ ಇರಬಾರದು. ಕಣದ ಕಲ್ಲಿನ ಮೇಲೆ ಇಪ್ಪತ್ತೇಳನೆಯ ರೌಟರ್ ಇತ್ತು. ಕಡ್ಡಿಯ ಮೇಲೆ ಇರುವೆಗಳು ಇನ್ನೂ ಎರಡೂ ಕಡೆಗೆ ಓಡಾಡುತ್ತಿದ್ದವು, ಹೋಗುವುದೋ ಇರುವುದೋ ಎಂದು ತೀರ್ಮಾನವಾಗದಂತೆ. ಕುಟ್ಟಿ ಕೊಡವಿದರೆ ಎರಡು ನಿಮಿಷದ ಕೆಲಸ. ವಿಮಲ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಳಕೋಣೆಗೆ ಹೋಗಿ, ಕಾವ್ಯಳಿಗಾಗಿ ಹಾಕಿದ್ದ ಹಳೆಯ ರೌಟರನ್ನು ಗೋಡೆಯಿಂದ ಬಿಚ್ಚಿದಳು. ಅವಳು ತನ್ನ ಕೈಯಾರೆ ಎಬ್ಬಿಸಿದ ಮೊದಲ ಪೆಟ್ಟಿಗೆ ಅದು.

"ನಮಗೆ?" ಎಂದು ಕೇಳಿದ ಪದ್ಮರಾಜ.

"ಜಗಲೀಲಿ ಕೂತ್ಕೊಳ್ಳಿ, ಅಲ್ಲಿ ಸಿಗುತ್ತೆ."

ಠಾಣೆಯ ಗೇಟಿನ ಹೊರಗೆ ನಿಂತ ಮನುಷ್ಯನಿಗೆ ಅವತ್ತು ತಮಾಷೆ ಮಾಡುವ ಬಾಯಿ ಇರಲಿಲ್ಲ. ಸ್ಟೂಲನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಬದುವಿನ ತನಕ ತಂದುಕೊಟ್ಟ.

ಮಾತಿ ಕಟ್ಟೆಯ ಮೇಲೆ ಕುಳಿತು ಚಾತಿಯ ಕಾಲು ಒತ್ತುತ್ತಿದ್ದಳು. ವಿಮಲ ಪೆಟ್ಟಿಗೆಯನ್ನು ಚೀಲದಿಂದ ತೆಗೆದಳು. ಆದರೆ ಗೋಡೆಯ ಹತ್ತಿರ ಹೋಗಲಿಲ್ಲ. ಅಂಗಳದಲ್ಲೇ ನಿಂತಳು. ದೂರದ ರಸ್ತೆಯಲ್ಲಿ ಯಾವುದೋ ಜೀಪು ಗೇರು ಬದಲಿಸಿದ ಸದ್ದಿಗೆ ಅವಳ ಹೆಗಲು ಬೆಚ್ಚಿತು.

"ಇದು ಕಾವ್ಯಂಗೆ ಹಾಕಿದ್ದು. ಅವಳಪ್ಪಂದೇ ಹಳೇದು, ಅವನೇ ಕೊಟ್ಟದ್ದು. ಹಾಕ್ಲಾ?" ಎಂದು ಕೇಳಿದಳು.

ಮಾತಿ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಕಿಂಡಿಗಳಿಗೆ ಕಣ್ಣಿಟ್ಟು ಒಳಗೆ ನೋಡಿದಳು.

"ಇದ್ರಲ್ಲಿ ಇರುವೆ ಇತ್ತಾ?"

"ಇತ್ತು. ಮೂರು ದಿನ ಕಾದೆ."

"ಹಾಗಾದ್ರೆ ಹಾಕು," ಎಂದಳು ಮಾತಿ, ಸ್ಟೂಲನ್ನು ಗೋಡೆಗೆ ಸರಿಸಿ ಕಾಲು ಅಲುಗದಂತೆ ಹಿಡಿದುಕೊಂಡಳು.